ದುರ್ಬೀನಿನ ಕೋಣೆ

ಏಮ್ಸ್ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬಂದವರಿಗೆ ಡಿಸೆಂಬರಿನಲ್ಲಿ ಮೊದಲು ಎದುರಾಗುವುದು ಹೊಗೆ. ಅದರಲ್ಲಿ ಮಂಜೆಷ್ಟು, ಮಸಿಯೆಷ್ಟು ಎಂದು ದಿಲ್ಲಿಯಲ್ಲೇ ಹುಟ್ಟಿ ಬೆಳೆದವರೂ ಹೇಳಲಾರರು. ಕಣ್ಣು ಹೊಂದಿಕೊಂಡ ಮೇಲೆ ರಸ್ತೆಯ ಒಂದು ಮಗ್ಗುಲಿಗೆ ಏಮ್ಸ್, ಇನ್ನೊಂದು ಮಗ್ಗುಲಿಗೆ ಸಫ್ದರ್‌ಜಂಗ್ ಆಸ್ಪತ್ರೆ. ಫುಟ್‌ಪಾತಿನ ಮೇಲೆ ಕಂಬಳಿ ಮುಸುಕೆಳೆದು ಮಲಗಿದ ಸಾಲು. ಪ್ರತಿ ತಲೆದೆಸೆಯಲ್ಲೂ ಒಂದು ಕೈಚೀಲ, ಚೀಲದಿಂದ ಹೊರಗಿಣುಕುವ ಎಕ್ಸ್‌ರೇ ಲಕೋಟೆ. ಚಹಾದವನು ಶುಂಠಿ ಜಜ್ಜುವ ಸದ್ದಿಗೆ ಒಂದೊಂದೇ ಮುಸುಕು ಸರಿಯುತ್ತದೆ. ಓಪಿಡಿ ಚೀಟಿಯ ಸಾಲಿನಲ್ಲಿ ಮನುಷ್ಯರಿಗಿಂತ ಮೊದಲು ಚಪ್ಪಲಿಗಳೂ ನೀರಿನ ಬಾಟಲಿಗಳೂ ಬಂದು ನಿಂತಿರುತ್ತವೆ.

ಅಲ್ಲಿಂದ ದಕ್ಷಿಣಕ್ಕೆ ಹೆಜ್ಜೆ ಹಾಕಿದರೆ ಯೂಸುಫ್ ಸರಾಯ್. ಔಷಧದಂಗಡಿ, ಲ್ಯಾಬು, ಗಾಲಿಕುರ್ಚಿ ಮಾರುವವರು, ಮತ್ತೆ ಔಷಧದಂಗಡಿ. ಗ್ರೀನ್ ಪಾರ್ಕ್ ಬರುವ ಹೊತ್ತಿಗೆ ಬೋರ್ಡುಗಳ ಬಣ್ಣ ತಿಳಿಗುಲಾಬಿಗೆ ತಿರುಗುತ್ತದೆ. ಐವಿಎಫ್ ಕೇಂದ್ರಗಳು. ಮೊದಲ ಭೇಟಿ ಉಚಿತ, ಕಂತಿನಲ್ಲಿ ಕಟ್ಟಬಹುದು, ಬೋರ್ಡಿನ ತುಂಬ ನಗುವ ಮಗು. ಉತ್ತರಪ್ರದೇಶ, ಹರಿಯಾಣಾದ ಹೊಲಗದ್ದೆಗಳಿಂದ ಬಂದವರಿಗೆ ತೋರಿಸುವ ಆ ಮಗುವಿನ ಕಣ್ಣು ಮಾತ್ರ ಯಾಕೋ ನೀಲಿ. ನೋಯ್ಡಾ, ಗುರುಗ್ರಾಮ, ಗಾಜಿಯಾಬಾದ್‌ಗಳಲ್ಲೂ ಇದೇ ಮಗು ಮೆಟ್ರೊ ಕಂಬಗಳ ಮೇಲೆ, ಆಟೊಗಳ ಬೆನ್ನ ಮೇಲೆ ನಗುತ್ತಿರುತ್ತದೆ. ಬೋರ್ಡು ಬರೆಸುವ ದುಡ್ಡಿಲ್ಲದವರಿಗೆ ರೈಲು ಹಳಿಯ ಪಕ್ಕದ ಗೋಡೆ. ಮಥುರಾ ದಾಟಿ ಫರೀದಾಬಾದಿನ ದಾರಿ ಹಿಡಿದರೆ ಸಾಕು, ಸುಣ್ಣದ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಹಕೀಮರು ಮಕ್ಕಳಿಲ್ಲದವರನ್ನು ಕೂಗಿ ಕರೆಯುತ್ತಾರೆ.

ನಾನು ಹೇಳಹೊರಟಿರುವ ಅತ್ತೆ ಗೋವಾ ಎಕ್ಸ್‌ಪ್ರೆಸ್ಸಿನ ಕಿಟಕಿಯಿಂದ ಆ ಗೋಡೆಗಳನ್ನು ನೋಡುತ್ತಲೇ ನಿಜಾಮುದ್ದೀನಿಗೆ ಬಂದಿಳಿದವರು. ಹಿಂದಿ ಓದಲು ಬಾರದ್ದರಿಂದ ಹಕೀಮರ ಖರ್ಚು ಉಳಿಯಿತು. ಬೆಳಗಾವಿ ಜಿಲ್ಲೆಯ ಹಳ್ಳಿ. ಮಗ ಸಿಐಎಸ್‌ಎಫ್‌ನಲ್ಲಿ ಜವಾನ, ದಿಲ್ಲಿ ಮೆಟ್ರೊದಲ್ಲಿ ಪ್ರಯಾಣಿಕರ ತಪಾಸಣೆಯ ಡ್ಯೂಟಿ. ಸೊಸೆಗೆ ಇಪ್ಪತ್ತಾರು. ಮದುವೆಯ ಮರುವರ್ಷ ಒಂದು ಬಸಿರು ನಿಂತಿತ್ತು, ಮೂರನೆಯ ತಿಂಗಳಲ್ಲಿ ಇಳಿದುಹೋಯಿತು. ಊರ ಹತ್ತಿರದ ಪೇಟೆಯಲ್ಲಿ ‘ಕ್ಲೀನ್’ ಮಾಡಿಸಿದರು. ಆಮೇಲೆ ಮುಟ್ಟು ನಾಲ್ಕು ದಿನದಿಂದ ಒಂದು ದಿನಕ್ಕೆ ಇಳಿಯಿತು, ಅದೂ ಬರೀ ಕಲೆ. ಅತ್ತೆ ಸವದತ್ತಿಯ ಗುಡ್ಡಕ್ಕೆ ಹೋಗಿ ಯಲ್ಲಮ್ಮನಿಗೆ ಉಡಿ ತುಂಬಿ ಬಂದರು. ಭಂಡಾರದ ಪೊಟ್ಟಣ ಕಟ್ಟಿಕೊಂಡು ಬಂದಿದ್ದರು. ಆಸ್ಪತ್ರೆಗೆ ಹೊರಡುವ ಮುನ್ನ ಅದರಲ್ಲೊಂದು ಚಿಟಿಕೆ ಸೊಸೆಯ ಹಣೆಗೆ, ಒಂದು ಚಿಟಿಕೆ ನನ್ನ ಹಣೆಗೂ. ಭಾಷೆಯ ಆಸರೆಗೆಂದು ನನ್ನನ್ನು ಕರೆದಿದ್ದರು. ಹುಡುಗಿಯ ಹಿಂದಿ ತರಕಾರಿ ಕೊಳ್ಳುವಷ್ಟು, ಅತ್ತೆಯದ್ದು ಅದೂ ಇಲ್ಲ.

ಸರ್ಕಾರಿ ಆಸ್ಪತ್ರೆಯೊಂದರ ಬಂಜೆತನ ವಿಭಾಗದ ಕಾರಿಡಾರು ಉದ್ದಕ್ಕಿದೆ, ಬೆಳಕು ಕಡಿಮೆ. ಎರಡೂ ಕಡೆ ಉಕ್ಕಿನ ಬೆಂಚು. ಹಾಪುಡ್‌, ಪಲ್ವಲ್‌, ಸೋನಿಪತ್‌ಗಳಿಂದ ಮೊದಲ ಬಸ್ಸಿಗೆ ಬಂದ ಹೆಂಗಸರು ಮುಸುಕಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಫೈಲು ಜೋಡಿಸುತ್ತಾರೆ. ಇಲ್ಲಿ ಗರ್ಭಕೋಶ ಎಂದರೆ ಬಚ್ಚೇದಾನಿ. ಹಿಸ್ಟರೋಸ್ಕೋಪಿ ಎಂಬ ಹೆಸರು ಚೀಟಿಯ ಮೇಲೆ ಮಾತ್ರ. ಬೆಂಚಿನ ಮೇಲೆ ಅದು ‘ದೂರ್‌ಬೀನ್ ಸೇ ಜಾಂಚ್’. ನಮ್ಮ ಅತ್ತೆಗೆ ಇದೊಂದೇ ಮಾತು ತಟ್ಟನೆ ತಿಳಿಯಿತು. ದುರ್ಬೀನು ಅವರಿಗೂ ಗೊತ್ತು.

ಅತ್ತೆಗೂ ಡಾಕ್ಟರಿಗೂ ನಡುವಿನ ದೊಡ್ಡ ಜಗಳ ಹಿಂದಿನ ಭೇಟಿಯಲ್ಲೇ ಆಗಿಹೋಗಿತ್ತು. ಡಾಕ್ಟರು ಹರಿಯಾಣಾದ ಹೆಣ್ಣುಮಗಳು, ಮಾತು ಕತ್ತರಿಸಿ ಇಟ್ಟ ಹಾಗೆ. ಸೊಸೆಯ ವಿಷಯ ಆಮೇಲೆ, ಮೊದಲು ಗಂಡನ ವೀರ್ಯ ಪರೀಕ್ಷೆ ಆಗಲಿ ಎಂದರು. ‘ನನ್ನ ಮಗಗ ಯಾತರ ಟೆಸ್ಟರೀ? ಅವಾ ದಿನಾ ಎಂಟ ತಾಸ ನಿಂತ ಡ್ಯೂಟಿ ಮಾಡ್ತಾನ!’ ಎಂದು ಅತ್ತೆ ಎದ್ದು ನಿಂತರು. ನಾನು ಇದನ್ನು ಅರ್ಧ ನುಂಗಿ ಅನುವಾದಿಸಿದೆ. ಡಾಕ್ಟರು ತಲೆಯೆತ್ತದೆ ಚೀಟಿ ಬರೆದರು. ಮಕ್ಕಳಾಗದ ದಂಪತಿಗಳಲ್ಲಿ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಇಡೀ ತಪಾಸಣೆಯಲ್ಲಿ ಅಗ್ಗದ್ದು, ನೋವಿಲ್ಲದ್ದು, ಒಂದು ಪುಟ್ಟ ಡಬ್ಬಿಯಲ್ಲಿ ಮುಗಿಯುವಂಥದ್ದು ಇದೊಂದೇ. ಆದರೂ ಹೆಂಡತಿಯನ್ನು ಮೂರು ನಾಲ್ಕು ಕಡೆ ಮಲಗಿಸಿ, ಸ್ಕ್ಯಾನು ಮಾಡಿಸಿ, ಎರಡೆರಡು ಬಾರಿ ‘ಸಫಾಯಿ’ ಮಾಡಿಸಿದ ಮೇಲೂ ಗಂಡ ಆ ಡಬ್ಬಿ ಮುಟ್ಟಿರದ ಮನೆಗಳು ಆ ಕಾರಿಡಾರಿನಲ್ಲೇ ಸಿಗುತ್ತವೆ. ಹುಡುಗ ಮರುಮಾತಾಡದೆ ಹೋಗಿ ಕೊಟ್ಟು ಬಂದಿದ್ದ; ವರದಿ ಸರಿಯಾಗಿಯೇ ಬಂದಿತ್ತು. ಅತ್ತೆ ಅದನ್ನು ಮಡಚಿ ತಮ್ಮ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದರು.

ದಿನ ಗೊತ್ತುಮಾಡುವುದೇ ಒಂದು ಲೆಕ್ಕ. ಮುಟ್ಟು ನಿಂತ ಮೇಲೆ, ಅಂಡ ಬಿಡುಗಡೆಯಾಗುವ ಮೊದಲು, ಹೆಚ್ಚುಕಡಿಮೆ ಆರರಿಂದ ಹನ್ನೊಂದನೆಯ ದಿನದ ನಡುವೆ. ಆಗ ಒಳಪದರ ತೆಳ್ಳಗಿರುತ್ತದೆ, ಮರೆಯಲ್ಲಿದ್ದದ್ದು ಕಾಣುತ್ತದೆ, ಹೊಸ ಬಸಿರಿನ ಭಯವೂ ಇಲ್ಲ. ಎಂಟನೆಯ ದಿನಕ್ಕೆ ನಮ್ಮ ಸರದಿ. ಒಂದು ತಾಸು ಮೊದಲು ನೋವಿನ ಮಾತ್ರೆ ನುಂಗಿಸಿದ್ದರು. ಮತ್ತು ಬರಿಸುವ ಪ್ರಶ್ನೆಯಿಲ್ಲ. ಹುಡುಗಿ ಎಚ್ಚರವಾಗಿಯೇ ಇರುತ್ತಾಳೆ, ಮಾತು ತಿಳಿಯುವವರು ಪಕ್ಕದಲ್ಲಿ ಇರಲಿ ಎಂದು ನನಗೂ ಹಸಿರು ಗೌನು, ತಲೆಗೊಂದು ಟೊಪ್ಪಿಗೆ ಕೊಟ್ಟರು.

ಕೋಣೆ ಚಿಕ್ಕದು. ಮಂಚ, ಅದರ ತಲೆದೆಸೆಗೆ ತಿರುಗಿಸಿಟ್ಟ ಟಿವಿ ಪರದೆ, ಉಪ್ಪುನೀರಿನ ಚೀಲ ತೂಗುಹಾಕಿದ ಸ್ಟ್ಯಾಂಡು. ಚೀಲದ ಸುತ್ತ ರಕ್ತದೊತ್ತಡ ನೋಡುವ ಪಟ್ಟಿಯಂಥದ್ದನ್ನೇ ಕಟ್ಟಿ ಗಾಳಿ ತುಂಬಿದ್ದರು, ನೀರು ಒತ್ತಡದಿಂದ ಇಳಿಯಲಿ ಎಂದು. ಕೇರಳದ ಸಿಸ್ಟರು ಟ್ರೇಯ ಮೇಲಿನ ಬಟ್ಟೆ ಸರಿಸಿದರು. ದುರ್ಬೀನಿನ ನಳಿಗೆ ಮೂರು ಮಿಲಿಮೀಟರಿಗೂ ಕಡಿಮೆ ದಪ್ಪ. ನೀರು ಹೋಗಲು, ಬರಲು, ಒಂದು ಸಣ್ಣ ಕತ್ತರಿ ಒಳಗಿಳಿಸಲು ದಾರಿಯಿರುವ ಕವಚ ಸೇರಿದರೆ ಐದು. ಇಷ್ಟೆಯೋ ಎಂದು ಹುಡುಗಿ ನನ್ನ ಕಡೆ ನೋಡಿದಳು.

ಹೆಂಗಸರು ಹೆದರುವ ಆ ತಣ್ಣನೆಯ ಲೋಹದ ಇಕ್ಕಳ ಇಲ್ಲಿ ಬಳಸಲಿಲ್ಲ. ಇಟಲಿಯ ಬಾರಿ ಊರಿನ ಸ್ಟೆಫಾನೊ ಬೆಟ್ಟೊಕಿ ಎಂಬ ವೈದ್ಯರು 1990ರ ದಶಕದಲ್ಲಿ ರೂಢಿಗೆ ತಂದ ವಿಧಾನವಿದು: ಹಿಗ್ಗಿಸುವುದಿಲ್ಲ, ಹಿಡಿದೆಳೆಯುವುದಿಲ್ಲ, ನೀರಿಗೇ ದಾರಿ ಬಿಡಿಸಲು ಬಿಟ್ಟು ನಳಿಗೆ ಅದರ ಹಿಂದೆ ಹೋಗುತ್ತದೆ. ಗರ್ಭಕೋಶದೊಳಗೆ ಇಣುಕುವ ಹಂಬಲ ಹಳೆಯದು. 1869ರಲ್ಲೇ ಪಾಂಟಾಲಿಯೋನಿ ಎಂಬ ವೈದ್ಯ ಅರವತ್ತರ ಹೆಂಗಸೊಬ್ಬಳ ರಕ್ತಸ್ರಾವದ ಮೂಲ ಹುಡುಕಿ ಒಳಗೆ ನೋಡಿದ, ಕಂಡ ದುರ್ಮಾಂಸವನ್ನು ಸಿಲ್ವರ್ ನೈಟ್ರೇಟಿನಿಂದ ಸುಟ್ಟ. ಆದರೆ ನೋಡಲು ಬೆಳಕು ಬೇಕು, ಜಾಗ ಬೇಕು, ರಕ್ತ ಅಡ್ಡ ಬರಬಾರದು. ಈ ಮೂರನ್ನೂ ಹೊಂದಿಸಿಕೊಳ್ಳುವಷ್ಟರಲ್ಲಿ ನೂರು ವರ್ಷ ಕಳೆಯಿತು.

ಪರದೆ ಮೊದಲು ಬರೀ ಕೆಂಪು. ಆಮೇಲೆ ಗರ್ಭಕಂಠದ ಓಣಿ, ಗೋಡೆಯ ಮೇಲೆ ಓರೆಯಾಗಿ ಸಾಗಿದ ಮಡಿಕೆಗಳು. ಓಣಿಯ ಕೊನೆಯಲ್ಲಿ ಒಂದು ಕಿರಿದಾದ ದ್ವಾರ. ಡಾಕ್ಟರು ಅಲ್ಲಿ ನಿಂತರು. ನೂಕಲಿಲ್ಲ. ನೀರು ತನ್ನ ಕೆಲಸ ಮಾಡಲಿ ಎಂದು ಕಾದರು. ‘ಬಸ್ ದೋ ಮಿನಟ್, ಬೇಟಾ.’ ಹುಡುಗಿಯ ಬೆರಳು ನನ್ನ ಮಣಿಕಟ್ಟಿನ ಮೇಲೆ ಬಿಗಿಯಾಯಿತು. ‘ಮುಟ್ಟಿನ ಬ್ಯಾನಿ ಆದಂಗ ಆಗತೈತಿ ಯಕ್ಕಾ, ತಡಕೊಳ್ತೀನಿ.’ ದ್ವಾರ ಬಿಡಿಸಿಕೊಂಡಿತು.

ಗರ್ಭಕೋಶದ ಒಳಗೆ ಖಾಲಿ ಜಾಗವೆಂಬುದು ಇಲ್ಲ. ಮುಂದಿನ ಗೋಡೆಯೂ ಹಿಂದಿನ ಗೋಡೆಯೂ ಒಂದರ ಮೇಲೊಂದು ಒರಗಿರುತ್ತವೆ. ನೀರು ತುಂಬಿದರಷ್ಟೇ ಅದೊಂದು ಕೋಣೆಯಾಗುವುದು. ಆರೋಗ್ಯವಾಗಿದ್ದರೆ ತಲೆಕೆಳಗಾದ ತ್ರಿಕೋನ, ತಿಳಿಗೆಂಪು ಗೋಡೆ, ಮೇಲಿನ ಎರಡು ಮೂಲೆಗಳಲ್ಲಿ ಗರ್ಭನಾಳಗಳ ಬಾಯಿ. ಆ ಬಾಯಿಗಳು ಸೂಜಿಯ ಕಣ್ಣಿನಷ್ಟು ಸಣ್ಣವು. ನಳಿಗೆಯ ತುದಿಯ ಮಸೂರವನ್ನು 30 ಡಿಗ್ರಿ ಓರೆ ಕೂರಿಸಿರುವುದರಿಂದ, ದುರ್ಬೀನನ್ನು ಅಲ್ಲಾಡಿಸದೆ ಬರೀ ತಿರುಗಿಸಿದರೆ ಒಂದು ಮೂಲೆ, ಮತ್ತೆ ತಿರುಗಿಸಿದರೆ ಇನ್ನೊಂದು ಮೂಲೆ ಕಾಣುತ್ತದೆ. ಬಲಗಡೆಯ ಬಾಯಿ ಕಂಡಿತು. ಎಡಗಡೆ ತಿರುಗಿಸಿದರು. ಅಲ್ಲಿ ಮೂಲೆಯೇ ಇರಲಿಲ್ಲ. ಮುಂಗೋಡೆಯಿಂದ ಹಿಂಗೋಡೆಗೆ ಬಿಳಿಯ ಎಳೆಗಳು ಅಡ್ಡಡ್ಡ ಕಟ್ಟಿಕೊಂಡಿದ್ದವು, ಕೆಲವು ತೆಳು, ಎರಡು ದಪ್ಪ. ‘ಅದು ನಂದs ಏನ್ರಿ ಒಳಗಿಂದು?’ ಹುಡುಗಿ ಪರದೆಯಿಂದ ಕಣ್ಣು ಕೀಳದೆ ಕೇಳಿದಳು.

ಇದಕ್ಕೆ ಆಶರ್‌ಮನ್ ಎಂಬ ಹೆಸರಿದೆ. ಜೋಸೆಫ್ ಆಶರ್‌ಮನ್ 1948ರಲ್ಲಿ ಇದನ್ನು ವಿವರವಾಗಿ ಬರೆದ. ಗರ್ಭಪಾತದ ಮೇಲೋ ಹೆರಿಗೆಯ ಮೇಲೋ ಒಳಗೆ ಕೆರೆಯುವಾಗ ಪದರದ ಬುಡ ಕಿತ್ತುಬಂದರೆ, ಗಾಯವಾದ ಎರಡು ಗೋಡೆಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಮುಟ್ಟು ಕಡಿಮೆಯಾಗುತ್ತದೆ, ಭ್ರೂಣ ನಿಲ್ಲಲು ನೆಲೆ ಸಿಗುವುದಿಲ್ಲ. ಸಾಮಾನ್ಯ ಸ್ಕ್ಯಾನಿನ ಕಣ್ಣಿಗೆ ಇದು ಬೀಳದೆ ಹೋಗಬಹುದು. ನಮ್ಮ ದೇಶದಲ್ಲಿ ಮಕ್ಕಳಾಗದಿದ್ದರೆ ಒಮ್ಮೆ ‘ಕ್ಲೀನ್’ ಮಾಡಿಸಿ ನೋಡೋಣ ಎಂಬ ಚಾಳಿ ಬಹುಕಾಲ ಇತ್ತು, ಈಗಲೂ ಪೂರಾ ಹೋಗಿಲ್ಲ. ಕಣ್ಣಿಲ್ಲದ ಚಮಚ ಒಳಗೆ ಏನನ್ನು ಕೆರೆಯಿತು ಎಂದು ಕೇಳಿದವರಿಲ್ಲ; ಅದು ಬಿಟ್ಟುಹೋದ ಗಾಯಕ್ಕೆ ಬೈಸಿಕೊಂಡವಳು ಮಾತ್ರ ಹೆಣ್ಣುಮಗಳು.

ನಳಿಗೆಯ ಪಕ್ಕದ ಕಿಂಡಿಯಿಂದ ಕತ್ತರಿ ಇಳಿಯಿತು. ಪರದೆಯ ಮೇಲೆ ಅದು ದೊಡ್ಡದಾಗಿ ಕಾಣುತ್ತದೆ. ಹೊರಗಿಟ್ಟು ನೋಡಿದರೆ ಅದರ ಬಾಯಿ ಅಕ್ಕಿಕಾಳಿಗಿಂತ ಚಿಕ್ಕದು. ಒಂದು ಎಳೆ ಕತ್ತರಿಸಿದರೆ ಅದರ ಎರಡು ತುದಿ ನೀರಲ್ಲಿ ಹಿಂದೆ ಸರಿದು ಗೋಡೆಗೆ ಅಂಟುತ್ತವೆ. ಇನ್ನೊಂದು. ದಪ್ಪನೆಯ ಎಳೆಗೆ ಬಂದಾಗ ಡಾಕ್ಟರು ಉಸಿರು ಬಿಗಿಹಿಡಿದದ್ದು ಮುಖಕವಚದ ಮೇಲೆಯೇ ಗೊತ್ತಾಯಿತು. ಎಲ್ಲಿ ಎಳೆ ಮುಗಿದು ಗೋಡೆ ಶುರುವಾಗುತ್ತದೆ ಎಂಬ ಅಂದಾಜು ತಪ್ಪಿದರೆ ಗೋಡೆಯೇ ತೂತಾದೀತು. ಸಿಸ್ಟರು ಒಳಗೆ ಹೋದ ನೀರೆಷ್ಟು, ಹೊರಬಂದ ನೀರೆಷ್ಟು ಎಂದು ಬರೆದುಕೊಳ್ಳುತ್ತಲೇ ಇದ್ದರು. ವ್ಯತ್ಯಾಸ ಮಿತಿ ಮೀರಿದರೆ ಆ ನೀರು ರಕ್ತಕ್ಕೆ ಸೇರಿದೆ ಎಂದರ್ಥ, ಕೆಲಸ ನಿಲ್ಲಿಸಬೇಕು. ಎಡಮೂಲೆ ತೆರೆಯಿತು. ಎಳೆಗಳ ಹಿಂದೆ ಎರಡನೆಯ ಬಾಯಿ ಮಸುಕಾಗಿ ಕಂಡಿತು.

ಡಾಕ್ಟರು ಖುಷಿಪಡಲಿಲ್ಲ. ಎಡಗೋಡೆ ಬಿಳಿಚಿಕೊಂಡಿದ್ದದ್ದು ಅವರಿಗೆ ಸೇರಲಿಲ್ಲ. ಒಂದು ಚೂರು ಪದರ ಕಿತ್ತು ಎರಡು ಭಾಗ ಮಾಡಿ, ಎರಡು ಬಾಟಲಿ ಕೇಳಿದರು. ಒಂದರಲ್ಲಿ ಫಾರ್ಮಲಿನ್, ಸೂಕ್ಷ್ಮದರ್ಶಕದಲ್ಲಿ ನೋಡಲು. ಇನ್ನೊಂದರಲ್ಲಿ ಬರೀ ಸಲೈನ್, ಕ್ಷಯದ ರೋಗಾಣು ಹುಡುಕಲು. ಎರಡನೆಯದಕ್ಕೂ ಅಭ್ಯಾಸಬಲದಿಂದ ಫಾರ್ಮಲಿನ್ ಸುರಿದರೆ ರೋಗಾಣು ಸತ್ತೇ ಹೋಗುತ್ತದೆ, ಕಲ್ಚರ್ ಬೆಳೆಯುವುದಿಲ್ಲ. ಸಿಸ್ಟರು ಸಲೈನ್ ಬಾಟಲಿಯ ಮುಚ್ಚಳದ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಹಾಕಿದರು.

ಶ್ವಾಸಕೋಶದ ಕಾಯಿಲೆ ಇಲ್ಲಿಗೆ ಹೇಗೆ ಬಂತು? ಚಿಕ್ಕಂದಿನಲ್ಲೋ ಹರೆಯದಲ್ಲೋ ಎದೆಗೆ ಹೊಕ್ಕ ರೋಗಾಣು ರಕ್ತದ ಜೊತೆ ಇಳಿದು ಗರ್ಭನಾಳದಲ್ಲಿ ಬೀಡುಬಿಡುತ್ತದೆ, ಅಲ್ಲಿಂದ ಗರ್ಭಕೋಶಕ್ಕೆ. ಕೆಮ್ಮಿಲ್ಲ, ಎಷ್ಟೋ ಬಾರಿ ಜ್ವರವೂ ಇಲ್ಲ. ಮಕ್ಕಳಾಗಲಿಲ್ಲ ಎಂಬುದೊಂದೇ ದೂರು. ಯುರೋಪಿನ ಪಠ್ಯಗಳಲ್ಲಿ ಒಂದೆರಡು ಸಾಲಿನಲ್ಲಿ ಮುಗಿಯುವ ಈ ಸಂಗತಿ ದಿಲ್ಲಿಯ ಓಪಿಡಿಗಳಲ್ಲಿ ದಿನನಿತ್ಯದ್ದು. ಏಮ್ಸ್‌ನಲ್ಲಿ ಡಾ. ಜೆ.ಬಿ. ಶರ್ಮಾ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಇಂಥ ಹೆಂಗಸರನ್ನು ನೋಡಿ, ಕ್ಷಯ ಒಳಗೆ ಬಿಟ್ಟುಹೋಗುವ ಗುರುತುಗಳನ್ನು ಒಂದೊಂದಾಗಿ ದಾಖಲಿಸಿದ್ದಾರೆ. ಹೊಟ್ಟೆಯೊಳಗೆ ದುರ್ಬೀನು ಇಳಿಸುವ ಲ್ಯಾಪರೋಸ್ಕೋಪಿಯಲ್ಲಿ ನೀಲಿ ಬಣ್ಣ ಹಾಯಿಸಿದಾಗ ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಸಣ್ಣಗಾಗಿ ಕಾಣುವ ಗರ್ಭನಾಳಕ್ಕೆ ಅವರು ಹೆಬ್ಬಾವಿನ ಹೆಸರಿಟ್ಟರು. ಈಗ ಅದು ವೈದ್ಯ ಸಾಹಿತ್ಯದಲ್ಲಿ ಶರ್ಮಾರ ಹೆಬ್ಬಾವಿನ ಗುರುತು. ಆದರೆ ಈ ರೋಗ ಹಿಡಿಯುವುದು ಸಲೀಸಲ್ಲ. ರೋಗಾಣು ಹೆಚ್ಚು ಸಿಗುವುದು ಮುಟ್ಟಿಗೆ ಮುಂಚೆ, ಪದರ ದಪ್ಪಗಿದ್ದಾಗ; ದುರ್ಬೀನಿಗೆ ಬೇಕಾದದ್ದು ತೆಳುವಾದ ಪದರ. ಒಂದಕ್ಕೆ ಅನುಕೂಲವಾದ ದಿನ ಇನ್ನೊಂದಕ್ಕೆ ಆಗದು. ಬೇಕಾದರೆ ಮುಂದಿನ ತಿಂಗಳು ಇನ್ನೊಂದು ಚೂರು ತೆಗೆಯುತ್ತೇನೆ ಎಂದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತಿದ್ದ ಬಾಗಪತ್ ಕಡೆಯ ಹೆಂಗಸು ಆರು ತಿಂಗಳ ಕ್ಷಯದ ಔಷಧಿಯಲ್ಲಿ ನಾಲ್ಕನೆಯ ತಿಂಗಳಲ್ಲಿದ್ದಳು. ಮಾತ್ರೆ ಸರ್ಕಾರದ್ದು, ಪುಕ್ಕಟೆ. ಪೌಷ್ಟಿಕ ಆಹಾರಕ್ಕೆಂದು ಖಾತೆಗೆ ಬೀಳುವ ತಿಂಗಳ 500 ರೂಪಾಯಿ 2024ರ ನವೆಂಬರಿನಿಂದ 1,000 ಆಗಿದೆ. ಗರ್ಭಕೋಶದ ಟೀಬಿ ಎಂದರೆ ಮನೆಯಲ್ಲಿ ಲೋಟ ತಟ್ಟೆ ಬೇರೆ ಇಟ್ಟಿದ್ದರಂತೆ. ಎದೆಯಲ್ಲಿ ರೋಗವಿಲ್ಲದಿದ್ದರೆ ಇದು ಉಸಿರಿನಿಂದ ಹರಡುವುದಿಲ್ಲ ಎಂದು ಡಾಕ್ಟರು ಗಂಡನನ್ನು ಕರೆಸಿ ಹೇಳಿದ ಮೇಲೆ ತಟ್ಟೆ ಒಂದಾಯಿತು. ಔಷಧಿ ರೋಗಾಣುವನ್ನು ಕೊಲ್ಲುತ್ತದೆ. ಕಲೆಗಟ್ಟಿದ ನಾಳವನ್ನು ಬಿಡಿಸುವುದಿಲ್ಲ. ಅದನ್ನು ಆಕೆಗೆ ಯಾರೂ ಬಿಡಿಸಿ ಹೇಳಿದಂತಿರಲಿಲ್ಲ.

ಅದೇ ದಿನ ಗ್ರೀನ್ ಪಾರ್ಕಿನ ಗುಲಾಬಿ ಬೋರ್ಡುಗಳ ಹಿಂದೆಯೂ ಇದೇ ದುರ್ಬೀನು ಇಳಿಯುತ್ತಿತ್ತು, ಬೇರೆ ಲೆಕ್ಕದಲ್ಲಿ. ಅಲ್ಲಿ ಹಲವೆಡೆ ಐವಿಎಫ್ ಪ್ಯಾಕೇಜಿನೊಳಗೆ ಹಿಸ್ಟರೋಸ್ಕೋಪಿಯೂ ಒಂದು ಸಾಲು. ಕಾರಣ ಇದ್ದವರಿಗೂ ಇಲ್ಲದವರಿಗೂ. ಒಮ್ಮೆ ನೋಡಿಬಿಟ್ಟರೆ ನಷ್ಟವೇನು ಎನ್ನುತ್ತಾರೆ. ನಷ್ಟಕ್ಕಿಂತ ಲಾಭವೇನು ಎಂದು ಕೇಳಿದವರಿದ್ದಾರೆ. 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎರಡು ಅಧ್ಯಯನ ಬಂದವು. ನೆದರ್‌ಲೆಂಡ್ಸಿನಲ್ಲಿ ಸ್ಕ್ಯಾನ್ ಸರಿಯಿದ್ದ 750 ಹೆಂಗಸರಲ್ಲಿ ಅರ್ಧ ಜನಕ್ಕೆ ಮೊದಲ ಐವಿಎಫ್‌ಗೆ ಮುಂಚೆ ದುರ್ಬೀನು ಹಾಕಿ ನೋಡಿದರು, ಉಳಿದರ್ಧಕ್ಕೆ ಹಾಕಲಿಲ್ಲ. ಮಗು ಪಡೆದವರು ನೂರಕ್ಕೆ 57 ಮತ್ತು 54. ಲೆಕ್ಕಶಾಸ್ತ್ರದ ಕಣ್ಣಲ್ಲಿ ಇದು ವ್ಯತ್ಯಾಸವೇ ಅಲ್ಲ. ಇನ್ನೊಂದು, ಎರಡರಿಂದ ನಾಲ್ಕು ಬಾರಿ ಐವಿಎಫ್ ಸೋತ 702 ಹೆಂಗಸರದ್ದು. ಎರಡೂ ಕಡೆ ನೂರಕ್ಕೆ 29. ಗರ್ಭಕೋಶದ ನಡುವೆ ಹುಟ್ಟಿನಿಂದಲೇ ಇರುವ ಅಡ್ಡಗೋಡೆಯನ್ನು ಕಂಡಕೂಡಲೇ ಕತ್ತರಿಸಬೇಕೆಂಬ ನಂಬಿಕೆಯೂ 2021ರ ಒಂದು ಅಧ್ಯಯನದಿಂದ ಅಲ್ಲಾಡಿತು. ಅದರಲ್ಲಿ ಇದ್ದದ್ದು ಎಂಬತ್ತೇ ಹೆಂಗಸರು ನಿಜ, ಆದರೆ ಕತ್ತರಿಸಿಕೊಂಡವರಿಗೆ ಲಾಭ ಕಾಣಲಿಲ್ಲ.

ಹಾಗೆಂದು ದುರ್ಬೀನು ದಂಡ ಎನ್ನಲಾಗದು. ಸ್ಪೇನಿನಲ್ಲಿ 215 ಹೆಂಗಸರಿಗೆ ಒಳಗೆ ದುರ್ಮಾಂಸವಿರುವುದು ಸ್ಕ್ಯಾನಿನಲ್ಲಿ ಗೊತ್ತಾಗಿತ್ತು. ವೀರ್ಯವನ್ನು ನೇರ ಗರ್ಭಕೋಶಕ್ಕೆ ಸೇರಿಸುವ ಐಯುಐ ಚಿಕಿತ್ಸೆಗೆ ಮುನ್ನ ಅದನ್ನು ತೆಗೆಸಿಕೊಂಡವರಲ್ಲಿ ನೂರಕ್ಕೆ 63 ಮಂದಿ ಬಸಿರಾದರು, ತೆಗೆಸದವರಲ್ಲಿ 28. ಇದು 2005ರ ಮಾತು. ಒಳಗೆ ಏನೋ ಇದೆ ಎಂಬ ಗುಮಾನಿಗೆ ಆಧಾರವಿದ್ದಾಗ, ಅಂದರೆ ಮುಟ್ಟು ಕಡಿಮೆಯಾದಾಗ, ಮಧ್ಯೆ ಮಧ್ಯೆ ಕಾಣಿಸಿಕೊಂಡಾಗ, ಸ್ಕ್ಯಾನಿನಲ್ಲಿ ನೆರಳು ಬಿದ್ದಾಗ, ಬಸಿರು ಮತ್ತೆ ಮತ್ತೆ ಇಳಿದಾಗ, ಇಷ್ಟು ಚಿಕ್ಕ ನಳಿಗೆ ಮಾಡುವಷ್ಟು ಕೆಲಸ ಇನ್ನಾವುದೂ ಮಾಡಲಾರದು. ನೋಡಿದ ಕೈಯಲ್ಲೇ ಸರಿಪಡಿಸಿ, ಹೊಟ್ಟೆ ಕೊಯ್ಯದೆ, ಅದೇ ದಿನ ಮನೆಗೆ ಕಳಿಸುವುದು ಸಣ್ಣ ಮಾತಲ್ಲ. ಅಂಥ ಗುಮಾನಿಯಿಲ್ಲದವರ ಬಿಲ್ಲಿನಲ್ಲಿ ಅದು ಬಂದರೆ, ಯಾಕೆ ಎಂದು ಕೇಳುವುದರಲ್ಲಿ ನಾಚಿಕೆಯಿಲ್ಲ. ಗುಲಾಬಿ ಬೋರ್ಡಿನ ಕೆಳಗೆ ಕೂತವರು ಮಾತ್ರ ಕೇಳುವುದೇ ಇಲ್ಲ.

ಹುಡುಗಿಯನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದಾಗ ಅವಳು ನಡೆದೇ ಬರುತ್ತೇನೆಂದು ಹಟ ಹಿಡಿದಳು. ಅತ್ತೆ ಮೊದಲು ಅವಳ ಹಣೆ ನೋಡಿದರು. ಭಂಡಾರ ಬೆವರಿಗೆ ಹುಬ್ಬಿನವರೆಗೆ ಇಳಿದಿತ್ತು. ಸೆರಗಿನಿಂದ ಒರೆಸಿ, ‘ಒಳಗ ಏನ ಇತ್ತಂತ?’ ಎಂದು ನನ್ನನ್ನು ಕೇಳಿದರು. ಗೋಡೆ ಗೋಡೆ ಹತ್ತಿಕೊಂಡಿದ್ದವು, ಬಿಡಿಸಿದರು ಎಂದೆ. ‘ಜ್ವಾಳದ ಹಿಟ್ಟು ಪರಾತಕ್ಕ ಹತ್ತಿ ಒಣಗಿದಂಗೇನು?’ ಎಂದರು. ಹೆಚ್ಚುಕಡಿಮೆ ಹಾಗೇ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪೇಟೆಯ ಆ ಕ್ಲೀನ್ ಮಾಡಿದ್ದಕ್ಕಾ, ಎಂದು ಕೇಳಿದರು. ಅದರಿಂದಲೂ ಇರಬಹುದು, ಟೀಬಿಯಿಂದಲೂ ಇರಬಹುದು, ಪರೀಕ್ಷೆ ಹೇಳಬೇಕು. ಅಲ್ಲಿಗೆ ಕರೆದುಕೊಂಡು ಹೋದದ್ದು ಅತ್ತೆಯೇ. ಅದನ್ನು ಅವರೂ ಹೇಳಲಿಲ್ಲ, ಸೊಸೆಯೂ ಎತ್ತಲಿಲ್ಲ. ಚೀಲದಿಂದ ಶೇಂಗಾ ಉಂಡಿ ತೆಗೆದು ಅವಳ ಕೈಗಿಟ್ಟರು.

ಡಾಕ್ಟರು ಬಂದು ಮುಂದಿನದ್ದು ಹೇಳಿದರು. ಪದರ ಮತ್ತೆ ಬೆಳೆಯಲಿ ಎಂದು ಹಾರ್ಮೋನು ಮಾತ್ರೆ. ಬಿಡಿಸಿದ ಗೋಡೆಗಳು ಮತ್ತೆ ಹತ್ತಿಕೊಳ್ಳುವುದುಂಟು, ಆದ್ದರಿಂದ ಎರಡು ಮುಟ್ಟು ಕಳೆದ ಮೇಲೆ ಇನ್ನೊಮ್ಮೆ ಇಣುಕಿ ನೋಡಬೇಕು. ಟೀಬಿ ಇದ್ದರೆ ಮೊದಲು ಆರು ತಿಂಗಳ ಔಷಧಿ, ಬಸಿರಿನ ಮಾತು ಆಮೇಲೆ. ಅವರು ಭರವಸೆಯನ್ನೂ ಕೊಡಲಿಲ್ಲ, ಕಸಿದುಕೊಳ್ಳಲೂ ಇಲ್ಲ. ಅಷ್ಟರಲ್ಲಿ ಸಿಸ್ಟರು ಹುಡುಗನ ಕೈಗೆ ಕೆಂಪು ಗೀಟಿನ ಬಾಟಲಿಯನ್ನೂ ಒಂದು ಚೀಟಿಯನ್ನೂ ಕೊಟ್ಟು, ಒಂದು ಗಂಟೆಗೆ ಲ್ಯಾಬಿನ ಕಿಟಕಿ ಮುಚ್ಚುತ್ತದೆ, ಓಡು ಎಂದರು.

ಲ್ಯಾಬು ಇನ್ನೊಂದು ಕಟ್ಟಡದಲ್ಲಿ. ಬಾಗಿಲಲ್ಲಿ ಸೆಕ್ಯುರಿಟಿಯವನು ಅವನನ್ನು ತಡೆದು, ಜೇಬು ಸವರಿ, ಬಾಟಲಿ ಎತ್ತಿಹಿಡಿದು ನೋಡಿದ. ದಿನವಿಡೀ ಊರಿನವರ ಜೇಬು ಸವರುವ ಹುಡುಗ ಕೈ ಎರಡೂ ಅಗಲಿಸಿ ಸುಮ್ಮನೆ ನಿಂತ. ಕಿಟಕಿಯೊಳಗಿನ ಗುಮಾಸ್ತ ಚೀಟಿ ಓದಿ, ‘ಫಾರ್ಮಲಿನ್ ತೋ ನಹೀಂ ಡಾಲಾ?’ ಎಂದ. ಹುಡುಗ ಮುಚ್ಚಳದ ಗೀಟು ತೋರಿಸಿದ. ‘ನಹೀಂ ಸರ್, ಸಲೈನ್.’ ಕ್ಷಯ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯ ವರದಿ ನಾಳಿದ್ದು, ಕಲ್ಚರ್‌ಗೆ ಆರು ವಾರ. ರಸೀತಿ ಮಡಚಿ ಜೇಬಿಗಿಟ್ಟುಕೊಂಡು ಹುಡುಗ ಬೆರಳು ಎಣಿಸಿದ. ‘ಆರನೇ ವಾರಕ್ಕ ನಂದು ನೈಟ್ ಶಿಫ್ಟ್ ಬರತೈತ್ರಿ ಯಕ್ಕಾ. ಚೊಲೋ ಆತು, ಮುಂಜಾನೆ ನಾನs ಬಂದು ತಗೊಂತೀನಿ.’